ಪಿಸ್ತೂಲಿನ ಮ್ಯಾಗಜಿನ್: ಒಂಟಿಸಾಲು ಮತ್ತು ಜೋಡಿಸಾಲು

ಪಿಸ್ತೂಲಿನ ಹಿಡಿಕೆಯೊಳಗೆ ಕೂರುವ, ಸ್ಪ್ರಿಂಗಿನ ಬಲದಿಂದ ಗುಂಡುಗಳನ್ನು ಮೇಲಕ್ಕೆ ತಳ್ಳುವ ಲೋಹದ ಪೆಟ್ಟಿಗೆಯೇ ಮ್ಯಾಗಜಿನ್. ಗುಂಡುಗಳು ಒಂದರ ಮೇಲೊಂದು ನೇರವಾಗಿ ಕೂತರೆ ಅದು ಒಂಟಿಸಾಲಿನ ಮ್ಯಾಗಜಿನ್, ಅಂದರೆ ಸಿಂಗಲ್ ಸ್ಟ್ಯಾಕ್. ಎಡಕ್ಕೊಂದು ಬಲಕ್ಕೊಂದು ಸರಿದು ಕೂತರೆ ಜೋಡಿಸಾಲು, ಅಂದರೆ ಡಬಲ್ ಸ್ಟ್ಯಾಕ್. ಕಡಿಮೆ ಬೆಲೆಯ ಪಿಸ್ತೂಲು ಕೊಳ್ಳುವವರಿಗೆ ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆ ಹಲವು ದೇಶಗಳಲ್ಲಿ ಅಂಗಡಿಯಲ್ಲಿ ಬಗೆಹರಿಯುತ್ತದೆ. ಭಾರತದಲ್ಲಿ, ಹಾಗಾಗಿ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲೂ, ಅದರ ಬಹುಪಾಲನ್ನು ಕಾನೂನೇ ತೀರ್ಮಾನಿಸಿರುತ್ತದೆ.

ರಚನೆ ಮತ್ತು ಬೆಳವಣಿಗೆ

ಮೊದಲ ತಲೆಮಾರಿನ ಪಿಸ್ತೂಲುಗಳು ಬಹುಮಟ್ಟಿಗೆ ಒಂಟಿಸಾಲಿನವು. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ .45 ಬೋರಿನ (ಬೋರ್ ಎಂದರೆ ನಳಿಕೆಯ ಒಳವ್ಯಾಸ) ಕೋಲ್ಟ್ 1911ರಲ್ಲಿ 7 ಗುಂಡು ಹಿಡಿಯುತ್ತಿದ್ದವು, ಜರ್ಮನಿಯ .32 ಬೋರಿನ ವಾಲ್ಥರ್ ಪಿಪಿಯಲ್ಲಿ 8. ಬ್ರೌನಿಂಗ್ ಆರಂಭಿಸಿ, ಅವರು 1926ರಲ್ಲಿ ತೀರಿಕೊಂಡ ಬಳಿಕ ಬೆಲ್ಜಿಯಂನ ದ್ಯೂದೊನೆ ಸೈವ್ ಮುಗಿಸಿದ 9 ಎಂ.ಎಂ. ಹೈ ಪವರ್ ಪಿಸ್ತೂಲು 1935ರಲ್ಲಿ 13 ಗುಂಡುಗಳ ಜೋಡಿಸಾಲಿನೊಂದಿಗೆ ಬಂದಿತು. ಇದೇ ಮಾದರಿ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗಿ ಭಾರತದ ಸೇನೆ ಮತ್ತು ಪೊಲೀಸರ ಸೊಂಟ ಸೇರಿತು.

ಜೋಡಿಸಾಲಿನಲ್ಲಿ ಹೆಚ್ಚು ಗುಂಡು ಹಿಡಿಯುತ್ತವೆ, ಆದರೆ ಹಿಡಿಕೆ ದಪ್ಪವಾಗುತ್ತದೆ, ತುಂಬಿದಾಗ ತೂಕವೂ ಏರುತ್ತದೆ. ಒಂಟಿಸಾಲಿನದು ತೆಳ್ಳಗಿದ್ದು ಚಿಕ್ಕ ಅಂಗೈಗೂ ಹಿಡಿತ ಕೊಡುತ್ತದೆ. ಬ್ರೆಜಿಲ್‌ನ ಟಾರಸ್ ಕಂಪನಿಯ ಅಗ್ಗದ ಪಿಸ್ತೂಲುಗಳಲ್ಲಿ ಈ ವ್ಯತ್ಯಾಸ ಸ್ಪಷ್ಟ: ಒಂಟಿಸಾಲಿನ ಜಿ2ಎಸ್‌ನಲ್ಲಿ 7 ಗುಂಡು, ಜೋಡಿಸಾಲಿನ ಜಿ2ಸಿಯಲ್ಲಿ 12. ಎರಡೂ 9 ಎಂ.ಎಂ. ಬೋರಿನವು.

ಭಾರತದ ಕಾನೂನು

1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಬ್ರಿಟಿಷ್ ಆಜ್ಞೆಯನ್ನು ಧಿಕ್ಕರಿಸಿ ಹಲಗಲಿಯ ಬೇಡರು ದಂಗೆ ಎದ್ದದ್ದು ಉತ್ತರ ಕರ್ನಾಟಕದ ಜನಮನಸ್ಸಿನಲ್ಲಿ ಇಂದಿಗೂ ಇದೆ. ಮುಂದೆ 1878ರ ಆಯುಧ ಕಾಯ್ದೆ ಬಂದಿತು. ಅದರ ಜಾಗಕ್ಕೆ ಸ್ವತಂತ್ರ ಭಾರತದ 1959ರ ಕಾಯ್ದೆ ಬಂದಿತು. ಈಗ ಜಾರಿಯಲ್ಲಿರುವುದು ಅದು ಮತ್ತು 2016ರ ಆಯುಧ ನಿಯಮಗಳು.

ಕಾನೂನು ಗಮನಿಸುವುದು ಬೋರನ್ನು, ಮ್ಯಾಗಜಿನ್ನಿನ ಸಾಲನ್ನಲ್ಲ. 9 ಎಂ.ಎಂ. ನಿಷೇಧಿತ ಬೋರ್ ಆದ್ದರಿಂದ ಸಾಮಾನ್ಯ ನಾಗರಿಕರಿಗೆ ಅದರ ಪರವಾನಗಿ ಸಿಗುವುದಿಲ್ಲ. ಜೋಡಿಸಾಲಿನ ಪ್ರಸಿದ್ಧ ಪಿಸ್ತೂಲುಗಳು ಬಹುತೇಕ ಈ ಬೋರಿನವೇ. ಸಾರ್ವಜನಿಕರಿಗೆ ಉಳಿಯುವುದು ಮುಖ್ಯವಾಗಿ .32 ಬೋರ್. ಈ ಬೋರಿನಲ್ಲೂ ಇಟಲಿಯ ಬೆರೆಟ್ಟಾ 81ರಂಥ, 12 ಗುಂಡುಗಳ ಜೋಡಿಸಾಲಿನ ಪಿಸ್ತೂಲುಗಳಿವೆ. ಆದರೆ 1980ರ ದಶಕದ ನಡುವಿನಿಂದ ಆಮದಿಗೆ ಕಡಿವಾಣ ಬಿದ್ದಿರುವುದರಿಂದ ಹಳೆಯ ವಿದೇಶಿ ಪಿಸ್ತೂಲುಗಳು ಕೈಯಿಂದ ಕೈಗೆ ದಾಟುತ್ತ ದುಬಾರಿಯಾಗಿವೆ. ಸರ್ಕಾರಿ ಕಾರ್ಖಾನೆಯ .32 ‘ಅಶನಿ’ ಪಿಸ್ತೂಲು ಒಂಟಿಸಾಲಿನದು. ಹೀಗಾಗಿ ಮಿತ ಹಣದವರ ಪಾಲಿಗೆ ಒಂಟಿಸಾಲೇ ಸಹಜ ಆಯ್ಕೆ.

ಧಾರವಾಡ ಗ್ರಾಮೀಣ ಭಾಗದಲ್ಲಿ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳವರಿಗೆ ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಗಳು. ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರ, ಆಯುಧ ಸುರಕ್ಷತಾ ತರಬೇತಿ ಬೇಕು. ವಯಸ್ಸು 21 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಚುನಾವಣೆ ಬಂದಾಗ ಆಡಳಿತದ ಆದೇಶದಂತೆ ಆಯುಧವನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ.

ಎರೆಹೊಲದ ಕಡಲೆ, ಮೆಣಸಿನಕಾಯಿ ಕಾಯಲು ಅಥವಾ ಕಲಘಟಗಿಯ ಕಾಡಂಚಿನ ಬೆಳೆ ಉಳಿಸಲು ಪಿಸ್ತೂಲು ಉಪಯೋಗಕ್ಕೆ ಬಾರದು. ಬೆಳೆ ರಕ್ಷಣೆಗೆ ಕಾಯ್ದೆಯ 13ನೇ ಕಲಮು ಹೇಳುವುದು ನಳಿಕೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು. ಆ ಪರವಾನಗಿಯೂ ಬೇಟೆಗೆ ಅನುಮತಿಯಲ್ಲ: ಉದಾಹರಣೆಗೆ, ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅದನ್ನು ಬೇಟೆಯಾಡುವಂತಿಲ್ಲ.

ಆಯ್ಕೆಯ ಆಧಾರ

ಜೀವಭಯದ ಕಾರಣಕ್ಕೆ ಪರವಾನಗಿ ಪಡೆದವರು ಗುಂಡಿನ ಸಂಖ್ಯೆಗಿಂತ ಹಿಡಿಕೆ ಕೈಗೆ ಒಪ್ಪುವುದನ್ನು, ಬಿಡಿಭಾಗ ಮತ್ತು ದುರಸ್ತಿ ಸಿಗುವುದನ್ನು, ಪ್ರತಿ ಸಲ ತಡೆಯಿಲ್ಲದೆ ಗುಂಡು ಏರುವುದನ್ನು ನೋಡಬೇಕು. ಕೊಳ್ಳಬಹುದಾದ ಗುಂಡುಗಳಿಗೂ ಪರವಾನಗಿಯಲ್ಲಿ ಮಿತಿಯಿದೆ. ದೊಡ್ಡ ಮ್ಯಾಗಜಿನ್ ಆ ಮಿತಿಯನ್ನು ಹಿಗ್ಗಿಸುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಪಿಸ್ತೂಲು ಮತ್ತು ಗುಂಡು ಬೇರೆಬೇರೆ ಬೀಗದಲ್ಲಿರುವುದು ಎಲ್ಲಕ್ಕಿಂತ ಮುಖ್ಯ.

ಹೆಚ್ಚು ಗುಂಡಿನ ಆಸೆಗೆ ಕಳ್ಳಪೇಟೆಯ 9 ಎಂ.ಎಂ. ಪಿಸ್ತೂಲು ಕೊಳ್ಳುವುದು ಘೋರ ಅಪರಾಧ. ನಿಷೇಧಿತ ಆಯುಧ ಇಟ್ಟುಕೊಂಡವರಿಗೆ ಕಾಯ್ದೆಯ 25ನೇ ಕಲಮಿನಡಿ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಸೆರೆವಾಸವಿದೆ.