ಲೀಗ್ ಯಾರದ್ದು? ರೋಲರ್ ಡರ್ಬಿ ಎರಡನೇ ಸಲ ಹುಟ್ಟಿದ ಕಥೆ

ಭಾಗ 1/8: ಮೊದಲು ಆಟ ಏನು ಅಂತ ನೋಡಿ

ಈ ಸಲದ ಸೀರೀಸ್ ನಮ್ಮೂರಲ್ಲಿ ಯಾರೂ ಆಡದ ಒಂದು ಆಟದ ಬಗ್ಗೆ. ಹೆಸರು ರೋಲರ್ ಡರ್ಬಿ. ಹುಟ್ಟಿದ್ದು ಅಮೆರಿಕದಲ್ಲಿ.

ಅಂಡಾಕಾರದ ಒಂದು ಟ್ರ್ಯಾಕ್ ಇರುತ್ತೆ. ಪ್ರತಿ ತಂಡದಿಂದ 5 ಜನ, ಎಲ್ಲರ ಕಾಲಲ್ಲೂ ನಾಲ್ಕು ಚಕ್ರದ ಸ್ಕೇಟ್ಸ್. 4 ಜನ ಬ್ಲಾಕರ್‌ಗಳು, ಒಬ್ಬರು ಜ್ಯಾಮರ್. ಹೆಲ್ಮೆಟ್ ಮೇಲೆ ನಕ್ಷತ್ರ ಇದ್ದರೆ ಅವರೇ ಜ್ಯಾಮರ್. ಎದುರಾಳಿ ಬ್ಲಾಕರ್‌ಗಳ ಗುಂಪನ್ನ ಭೇದಿಸ್ಕೊಂಡು ಮುಂದೆ ಹೋಗೋದು ಅವರ ಕೆಲಸ. ಮೊದಲನೇ ಸಲ ದಾಟಿದ್ದಕ್ಕೆ ಅಂಕ ಇಲ್ಲ. ಒಂದು ಸುತ್ತು ಹೊಡೆದು ಬಂದು ಮತ್ತೆ ದಾಟುವಾಗ, ಹಿಂದೆ ಹಾಕಿದ ಪ್ರತಿ ಎದುರಾಳಿಗೂ ಒಂದೊಂದು ಅಂಕ.

ಕಬಡ್ಡಿ ನೋಡಿದವರಿಗೆ ಇದು ಕಷ್ಟ ಅಲ್ಲ. ರೈಡರ್ ಒಬ್ಬ, ತಡೆಯೋರು ಗುಂಪು. ವ್ಯತ್ಯಾಸ ಏನಂದ್ರೆ, ಇಲ್ಲಿ ಎರಡೂ ತಂಡದ ರೈಡರ್‌ಗಳು ಒಂದೇ ಹೊತ್ತಿಗೆ ನುಗ್ತಾರೆ. ಒಂದು ಸರದಿಗೆ ‘ಜ್ಯಾಮ್’ ಅಂತಾರೆ, ಹೆಚ್ಚೆಂದರೆ 2 ನಿಮಿಷ. ಇಡೀ ಆಟ 60 ನಿಮಿಷ, ಎರಡು ಭಾಗ. ಭುಜ, ಸೊಂಟದಿಂದ ತಳ್ಳಬಹುದು. ಮೊಣಕೈಯಿಂದ ಹೊಡೆದರೆ ಪೆನಾಲ್ಟಿ.

ಆಟ ಇಷ್ಟೇ. ಆದರೆ ಈ ಆಟ ಒಮ್ಮೆ ಸತ್ತುಹೋಗಿ ಮತ್ತೆ ಹುಟ್ಟಿದೆ. ಬಿಕಾಂ ಓದ್ತಿರೋ ನನಗೆ ಆಸಕ್ತಿ ಹುಟ್ಟಿದ್ದು ಅಲ್ಲೇ. ನಿಯಮ ಬದಲಾಗಿದ್ದಕ್ಕಿಂತ ಹೆಚ್ಚಾಗಿ ಮಾಲೀಕರು ಬದಲಾದರು.

ಭಾಗ 2/8: 1935, ಶಿಕಾಗೊ

ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಕೆಲಸ ಇಲ್ಲ, ಕೈಯಲ್ಲಿ ಕಾಸಿಲ್ಲ. ಅಗ್ಗದ ಮನರಂಜನೆಗೆ ಮಾತ್ರ ಬೇಡಿಕೆ ಇತ್ತು. ಲಿಯೋ ಸೆಲ್ಟ್ಜರ್ ಅನ್ನೋ ವ್ಯಾಪಾರಿ ಆ ದಿನಗಳಲ್ಲಿ ‘ವಾಕಥಾನ್’ ನಡೆಸ್ತಿದ್ದ. ಅಂದರೆ ಜೋಡಿಗಳು ದಿನಗಟ್ಟಲೆ ನಡೀತಾ ಇರಬೇಕು, ಕೊನೇವರೆಗೂ ಕಾಲ ಮೇಲೆ ನಿಂತವರಿಗೆ ಬಹುಮಾನ. ಜನ ಟಿಕೆಟ್ ಕೊಟ್ಟು ಇದನ್ನ ನೋಡ್ತಿದ್ರು!

ಅದೇ ಐಡಿಯಾಗೆ ಅವನು ಚಕ್ರ ಹಾಕಿದ. 1935ರ ಆಗಸ್ಟ್ 13ರಂದು ಶಿಕಾಗೊ ಕೊಲಿಸಿಯಂನಲ್ಲಿ ಮೊದಲ ರೋಲರ್ ಡರ್ಬಿ ಶುರುವಾಯ್ತು. 25 ಜೋಡಿ, ಪ್ರತಿ ಜೋಡಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು. ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಗೆ ಆಗುವಷ್ಟು ದೂರ, ಅಂದರೆ ಸುಮಾರು 3,000 ಮೈಲಿಯನ್ನ ಅದೇ ಕಟ್ಟಡದ ಒಳಗೆ ಸುತ್ತು ಹಾಕಿ ಮುಗಿಸಬೇಕು. ಯಾರು ಎಲ್ಲಿಗೆ ‘ತಲುಪಿದರು’ ಅಂತ ತೋರಿಸೋಕೆ ದೀಪಗಳಿದ್ದ ದೊಡ್ಡ ನಕ್ಷೆ. ಮೊದಲ ದಿನ ಬಂದ ಜನ ಸುಮಾರು 20,000.

ಗಮನಿಸಿ: ಹೆಣ್ಣುಮಕ್ಕಳು ಮೊದಲ ದಿನದಿಂದಲೇ ಗಂಡಸರ ಜೊತೆ, ಅದೇ ಟ್ರ್ಯಾಕ್‌ನಲ್ಲಿ, ಅದೇ ನಿಯಮದಲ್ಲಿ ಇದ್ದರು. 1930ರ ದಶಕಕ್ಕೆ ಇದು ಸಣ್ಣ ಮಾತಲ್ಲ.

ಆಮೇಲೆ ಡೇಮನ್ ರನ್ಯನ್ ಅನ್ನೋ ಹೆಸರಾಂತ ಬರಹಗಾರ ಈ ಓಟ ನೋಡಿ ಒಂದು ಸಲಹೆ ಕೊಟ್ಟ. ಜನಕ್ಕೆ ಮಜಾ ಬರೋದು ಸ್ಕೇಟರ್‌ಗಳು ಡಿಕ್ಕಿ ಹೊಡೆದಾಗ, ಅದನ್ನೇ ಆಟ ಮಾಡು ಅಂತ. ಸೆಲ್ಟ್ಜರ್ ಮಾಡಿದ. ದೂರದ ಓಟ ಹೋಗಿ, ದಾಟಿದ್ದಕ್ಕೆ ಅಂಕ ಕೊಡೋ ತಂಡದ ಆಟ ಬಂತು.

ಭಾಗ 3/8: ಟಿವಿ ಎತ್ತಿತು, ಒಬ್ಬರ ನಿರ್ಧಾರ ಮುಗಿಸಿತು

1948ರಲ್ಲಿ ನ್ಯೂಯಾರ್ಕ್‌ನಿಂದ ಸಿಬಿಎಸ್ ಟಿವಿಯಲ್ಲಿ ಡರ್ಬಿ ಪ್ರಸಾರ ಆಯ್ತು. ಟಿವಿ ಆಗಷ್ಟೇ ಮನೆಗಳಿಗೆ ಬರ್ತಿದ್ದ ಕಾಲ. ನೋಡಿದವರು ಟಿಕೆಟ್‌ಗೆ ಕ್ಯೂ ನಿಂತರು. ಮುಂದೆ ಲಿಯೋ ಮಗ ಜೆರ್ರಿ ಸೆಲ್ಟ್ಜರ್ ವಹಿವಾಟು ವಹಿಸ್ಕೊಂಡ. ಕ್ಯಾಲಿಫೋರ್ನಿಯಾದ ‘ಬೇ ಏರಿಯಾ ಬಾಂಬರ್ಸ್’ ತಂಡದ ಆಟಗಳನ್ನ ರೆಕಾರ್ಡ್ ಮಾಡಿ ಊರೂರಿನ ಟಿವಿ ಸ್ಟೇಷನ್‌ಗಳಿಗೆ ಕಳಿಸ್ತಿದ್ದ. ಟಿವಿಯಲ್ಲಿ ನೋಡಿದ ಊರಿನವರು, ತಂಡ ಅಲ್ಲಿಗೆ ಬಂದಾಗ ಟಿಕೆಟ್ ತಗೊಳ್ತಿದ್ರು. 1972ರಲ್ಲಿ ಶಿಕಾಗೊದ ಕಾಮಿಸ್ಕಿ ಪಾರ್ಕ್‌ನಲ್ಲಿ ಒಂದೇ ಆಟಕ್ಕೆ 50,000ಕ್ಕೂ ಹೆಚ್ಚು ಜನ ಸೇರಿದ್ದರು.

ಮರು ವರ್ಷದ ಕೊನೆಗೆ, 1973ರ ಡಿಸೆಂಬರ್‌ನಲ್ಲಿ, ಅಂಗಡಿ ಬಂದ್.

ಕಾರಣ? ಖರ್ಚು ಏರಿತ್ತು. ಊರಿಂದೂರಿಗೆ ತಿರುಗೋ ಆಟಕ್ಕೆ ಆ ವರ್ಷದ ತೈಲ ಬಿಕ್ಕಟ್ಟು ದೊಡ್ಡ ಏಟು. ಆದರೆ ನಾವು ನೋಡಬೇಕಾದ್ದು ಇನ್ನೊಂದಿದೆ. ಆಟ ನಿಲ್ಲಿಸೋ ನಿರ್ಧಾರ ಮಾಲೀಕರದ್ದು. ಸ್ಕೇಟರ್‌ಗಳು ಸಂಬಳಕ್ಕಿದ್ದವರು. ಬಿದ್ದು ಮೂಳೆ ಮುರ್ಕೊಂಡಿದ್ದು ಅವರು, ಹೆಸರು ಮಾಡಿದ್ದು ಅವರು, ಆದರೆ ‘ಬೇಡ, ನಾವು ಮುಂದುವರಿಸ್ತೀವಿ’ ಅನ್ನೋಕೆ ಅವರ ಕೈಯಲ್ಲಿ ಟ್ರ್ಯಾಕೂ ಇರಲಿಲ್ಲ, ಟಿವಿ ಒಪ್ಪಂದವೂ ಇರಲಿಲ್ಲ.

ಆಮೇಲೆ ಟಿವಿಯವರು ಎಬ್ಬಿಸೋಕೆ ನೋಡಿದರು. 1989ರ ‘ರೋಲರ್‌ಗೇಮ್ಸ್’ ಶೋನಲ್ಲಿ ಇಂಗ್ಲಿಷಿನ 8ರ ಆಕಾರದ ಟ್ರ್ಯಾಕ್, ಜೊತೆಗೆ ಮೊಸಳೆ ಜಾತಿಯ ಅಲಿಗೇಟರ್‌ಗಳ ಗುಂಡಿ! ತಮಾಷೆ ಅಲ್ಲ, ನಿಜ. 1999ರಲ್ಲಿ ‘ರೋಲರ್‌ಜ್ಯಾಮ್’ ಬಂತು. ಎರಡೂ ಉಳೀಲಿಲ್ಲ.

ಭಾಗ 4/8: ಆಸ್ಟಿನ್, 2001

ಟೆಕ್ಸಸ್‌ನ ಆಸ್ಟಿನ್ ಊರು. ಸಂಗೀತ, ಬಾರ್, ಕಾಲೇಜು ಹುಡುಗರು ತುಂಬಿರೋ ಜಾಗ. ಅಲ್ಲಿ ಒಬ್ಬ ಮನುಷ್ಯ, ಮತ್ತೆ ರೋಲರ್ ಡರ್ಬಿ ಶುರು ಮಾಡೋಣ ಬನ್ನಿ ಅಂತ ಹುಡುಗಿಯರನ್ನ ಕರೆದ. ಬಾರ್‌ಗಳಲ್ಲಿ ಮಾತಾಡಿ ಜನ ಸೇರಿಸಿದ. ಆಟಕ್ಕಿಂತ ಸರ್ಕಸ್ ಥರದ ಶೋ ಅವನ ಕಲ್ಪನೆ. ಸ್ವಲ್ಪ ದಿನಕ್ಕೆ ಅವನು ಊರು ಬಿಟ್ಟ.

ಸಾಮಾನ್ಯವಾಗಿ ಕಥೆ ಅಲ್ಲಿಗೆ ಮುಗೀಬೇಕು. ಕರೆದವನೇ ಇಲ್ಲ ಅಂದ್ಮೇಲೆ ಎಲ್ಲರೂ ಮನೆಗೆ. ಆದರೆ ಅಷ್ಟರಲ್ಲಿ ಈ ಹೆಣ್ಣುಮಕ್ಕಳು ತಂಡ ಮಾಡ್ಕೊಂಡಾಗಿತ್ತು. ಅವನಿಲ್ಲದಿದ್ದರೇನು, ನಾವೇ ಮಾಡೋಣ ಅಂದರು. ನಾಲ್ಕು ಜನ ಮುಂದಾಳತ್ವ ವಹಿಸಿ ಒಂದು ಕಂಪನಿ ಕಟ್ಟಿದರು. ಹೆಸರು ‘ಬ್ಯಾಡ್ ಗರ್ಲ್ ಗುಡ್ ವುಮನ್ ಪ್ರೊಡಕ್ಷನ್ಸ್’. ತಂಡಗಳೂ ನಾಲ್ಕು: ಹೆಲ್‌ಕ್ಯಾಟ್ಸ್, ಹೋಲಿ ರೋಲರ್ಸ್, ಪುತಾಸ್ ದೆಲ್ ಫ್ಯೂಗೊ, ರೈನ್‌ಸ್ಟೋನ್ ಕೌಗರ್ಲ್ಸ್.

ಸುಮಾರು ಜನಕ್ಕೆ ಸ್ಕೇಟಿಂಗೇ ನೆಟ್ಟಗೆ ಬರ್ತಿರಲಿಲ್ಲ. ಹಗಲು ಬೇರೆ ಕೆಲಸ, ಸಂಜೆ ರಿಂಕ್‌ನಲ್ಲಿ ಬೀಳೋದು ಏಳೋದು. ಹಳೇ ಡರ್ಬಿಯ ವಾಲಿದ ಮರದ ಟ್ರ್ಯಾಕ್ ಕಟ್ಟಿಸೋಕೆ ದುಡ್ಡಿರಲಿಲ್ಲ. ಹಾಗಾಗಿ ಸ್ಕೇಟಿಂಗ್ ರಿಂಕ್‌ನ ಸಪಾಟು ನೆಲದ ಮೇಲೇ ಗೆರೆ ಹಾಕಿ ಆಡಿದರು. ದುಡ್ಡಿಲ್ಲದೆ ಮಾಡಿದ ಈ ಅಡ್ಜಸ್ಟ್‌ಮೆಂಟೇ ಮುಂದೆ ಇಡೀ ಆಟದ ಗತಿ ಬದಲಿಸಿತು. 2002ರಲ್ಲಿ ಜನರ ಮುಂದೆ ಆಟಗಳು ಶುರುವಾದವು. ಜನ ಬಂದರು.

ಭಾಗ 5/8: 2003, ಲೀಗ್ ಒಡೆದಿದ್ದು

ಈ ಭಾಗವನ್ನ ನಿಧಾನವಾಗಿ ಓದಿ. ಇಡೀ ಸೀರೀಸ್ ಇರೋದೇ ಇದಕ್ಕೆ.

ಜನ ಬಂದಾಗ ದುಡ್ಡು ಬರುತ್ತೆ, ದುಡ್ಡು ಬಂದಾಗ ಪ್ರಶ್ನೆ ಬರುತ್ತೆ. ಕಂಪನಿ ನಾಲ್ಕು ಜನರದ್ದು. ಆಡೋರು ಹತ್ತಾರು ಜನ. ಗೇಟ್ ಕಲೆಕ್ಷನ್ ಎಲ್ಲಿಗೆ ಹೋಗುತ್ತೆ? ಗಾಯ ಆದರೆ ಆಸ್ಪತ್ರೆ ಬಿಲ್ ಯಾರು ಕಟ್ತಾರೆ, ವಿಮೆ ಇದೆಯಾ? ನಿರ್ಧಾರ ತಗೊಳ್ಳೋರು ಯಾರು?

ನಾಲ್ವರು ಮುಂದಾಳುಗಳನ್ನ ವಿಲನ್ ಮಾಡೋದು ಸುಲಭ, ಆದರೆ ನ್ಯಾಯ ಅಲ್ಲ. ಎಲ್ಲರೂ ಕೈಬಿಟ್ಟು ಹೋಗಬಹುದಾಗಿದ್ದ ಹೊತ್ತಲ್ಲಿ ಹೊಣೆ ಹೊತ್ತವರು ಅವರು. ರಿಸ್ಕ್ ನಮ್ಮದು, ಹಾಗಾಗಿ ಮಾಲೀಕತ್ವವೂ ನಮ್ಮದು ಅನ್ನೋ ವಾದಕ್ಕೆ ನಮ್ಮ ಟೆಕ್ಸ್ಟ್‌ಬುಕ್‌ನಲ್ಲೇ ಜಾಗ ಇದೆ. ಆದರೆ ಸ್ಕೇಟರ್‌ಗಳ ವಾದವೂ ಅಷ್ಟೇ ಗಟ್ಟಿ: ರಿಸ್ಕ್ ಅಂದರೆ ಬರೀ ದುಡ್ಡಾ? ನನ್ನ ಮೊಣಕಾಲಿಗೆ ಬೆಲೆ ಇಲ್ವಾ?

2003ರಲ್ಲಿ ಬಹುಪಾಲು ಸ್ಕೇಟರ್‌ಗಳು ಹೊರಗೆ ಬಂದು ‘ಟೆಕ್ಸಸ್ ರೋಲರ್‌ಗರ್ಲ್ಸ್’ ಕಟ್ಟಿದರು. ಆಡೋರೇ ಮಾಲೀಕರು, ಆಡೋರೇ ನಡೆಸೋರು. ಸಪಾಟು ಟ್ರ್ಯಾಕನ್ನೇ ಇಟ್ಟುಕೊಂಡರು. ಉಳಿದವರ ಲೀಗ್ ‘ಟಿಎಕ್ಸ್‌ಆರ್‌ಡಿ ಲೋನ್‌ಸ್ಟಾರ್ ರೋಲರ್‌ಗರ್ಲ್ಸ್’ ಆಗಿ, ವಾಲಿದ ಟ್ರ್ಯಾಕ್ ಮೇಲೆ ಶೋ ಶೈಲಿಯ ಆಟ ಮುಂದುವರಿಸಿತು. ತಪ್ಪು ಮಾಡಿದವರಿಗೆ ಚಕ್ರ ತಿರುಗಿಸಿ ಶಿಕ್ಷೆ ಕೊಡೋ ಪದ್ಧತಿಗೆ ಅದು ಫೇಮಸ್. ಈ ಜಗಳ ‘ಹೆಲ್ ಆನ್ ವೀಲ್ಸ್’ ಅನ್ನೋ 2007ರ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಒಂದೇ ಊರು, ಎರಡು ಲೀಗ್. ಎರಡೂ ಬೆಳೆದವು. ಆದರೆ ಬೇರೆ ಊರಿನವರು ಹೆಚ್ಚಾಗಿ ಕಾಪಿ ಮಾಡಿದ್ದು ರೋಲರ್‌ಗರ್ಲ್ಸ್ ದಾರಿಯನ್ನ.

ಭಾಗ 6/8: ಒಂದು ಲೀಗ್ ನಡೆಯೋದು ಹೇಗೆ?

ಯಾಕೆ ಅದನ್ನೇ ಕಾಪಿ ಮಾಡಿದರು? ಉತ್ತರ ಫಿಕ್ಸೆಡ್ ಕಾಸ್ಟ್.

ವಾಲಿದ ಟ್ರ್ಯಾಕ್ ಬೇಕಂದರೆ ಅದನ್ನ ಕಟ್ಟಿಸ್ಬೇಕು, ಇಡೋಕೆ ಗೋಡೌನ್ ಬೇಕು, ಸಾಗಿಸೋಕೆ ಲಾರಿ ಬೇಕು. ಸಪಾಟು ಟ್ರ್ಯಾಕ್‌ಗೆ? ಒಂದು ಹಾಲ್, ಹಗ್ಗ, ಟೇಪ್. ಗೆರೆಯ ಉದ್ದಕ್ಕೂ ಹಗ್ಗ ಇಟ್ಟು ಮೇಲೆ ಟೇಪ್ ಅಂಟಿಸ್ತಾರೆ. ಗೆರೆ ದಾಟಿದರೆ ನೋಡದೇನೇ ಕಾಲಿಗೆ ಗೊತ್ತಾಗ್ಲಿ ಅಂತ. ಆಟ ಮುಗಿದ ಮೇಲೆ ಕಿತ್ತು ಹಾಕಿ ಹಾಲ್ ವಾಪಸ್ ಕೊಡಬಹುದು.

ಇನ್ನು ಆದಾಯ. ಸದಸ್ಯರು ತಿಂಗಳು ತಿಂಗಳು ಚಂದಾ ಕೊಡ್ತಾರೆ. ಹೌದು, ಇಲ್ಲಿ ಆಟಗಾರರಿಗೆ ಸಂಬಳ ಇಲ್ಲ, ಅವರೇ ದುಡ್ಡು ಕೊಟ್ಟು ಆಡ್ತಾರೆ. ಅದರ ಮೇಲೆ ಟಿಕೆಟ್, ಟೀ ಶರ್ಟ್ ಮಾರಾಟ, ಪಕ್ಕದ ಅಂಗಡಿಯವರ ಸ್ಪಾನ್ಸರ್‌ಶಿಪ್. ಖರ್ಚು ಅಂದರೆ ಹಾಲ್ ಬಾಡಿಗೆ, ವಿಮೆ, ಆಟದ ದಿನದ ವೈದ್ಯಕೀಯ ಸಿಬ್ಬಂದಿ, ಪ್ರಯಾಣ.

ಕೆಲಸ ಕಮಿಟಿಗಳಿಗೆ ಹಂಚಿಕೆ: ತರಬೇತಿ, ಹಣಕಾಸು, ಪ್ರಚಾರ, ಆಟದ ದಿನದ ವ್ಯವಸ್ಥೆ. ಸಾಮಾನ್ಯವಾಗಿ ಪ್ರತಿ ಸದಸ್ಯರೂ ಯಾವುದಾದರೊಂದು ಕಮಿಟಿಯಲ್ಲಿ ದುಡೀಬೇಕು. ರೆಫರಿಗಳು, ಅಂಕ ಬರೆಯೋರು, ಪೆನಾಲ್ಟಿ ಟೈಮ್ ನೋಡೋರು, ಬಹುತೇಕ ಎಲ್ಲರೂ ಸ್ವಯಂಸೇವಕರೇ. ಸ್ಕೇಟಿಂಗ್ ಬೇಡ ಅನ್ನೋರಿಗೂ ಇಲ್ಲಿ ಜಾಗ ಇದೆ.

ಹೊಸಬರನ್ನ ನೇರವಾಗಿ ಆಟಕ್ಕೆ ಇಳಿಸಲ್ಲ. ಮೊದಲು ಬೀಳೋದನ್ನ ಕಲಿಸ್ತಾರೆ. ಕೈ ಅಗಲಿಸದೆ, ಪಕ್ಕದವರ ಕಾಲಿಗೆ ಸಿಗದೆ, ತಕ್ಷಣ ಏಳೋ ಹಾಗೆ ಬೀಳಬೇಕು. ಆಮೇಲೆ ಪರೀಕ್ಷೆ. ತುಂಬಾ ವರ್ಷ ಅದರಲ್ಲಿ 5 ನಿಮಿಷಕ್ಕೆ 25 ಸುತ್ತು ಹಾಕ್ಬೇಕಿತ್ತು, ಆಮೇಲೆ ಅದು 27 ಆಯ್ತು.

ಹೆಸರಿನ ವಿಷಯ ಹೇಳದೇ ಇರೋಕಾಗಲ್ಲ. ಸ್ಕೇಟರ್‌ಗಳು ಪದಗಳ ಜೊತೆ ಆಟ ಆಡಿ ‘ಡರ್ಬಿ ಹೆಸರು’ ಇಟ್ಕೊಳ್ತಾರೆ. ಒಬ್ಬರ ಹೆಸರು ಇನ್ನೊಬ್ಬರು ತಗೊಳ್ಳಬಾರದು ಅಂತ ಅಂತರರಾಷ್ಟ್ರೀಯ ಪಟ್ಟಿಯನ್ನೇ ಸ್ವಯಂಸೇವಕರು ಇಟ್ಟಿದ್ದರು.

ಭಾಗ 7/8: ಊರಿನ ಲೀಗ್‌ಗಳು ಒಕ್ಕೂಟ ಆದದ್ದು

ಪ್ರತಿ ಊರಲ್ಲೂ ಬೇರೆ ಬೇರೆ ನಿಯಮ ಇದ್ದರೆ ಇನ್ನೊಂದು ಊರಿನ ಜೊತೆ ಆಡೋದು ಹೇಗೆ? 2004ರಲ್ಲಿ ಕೆಲವು ಲೀಗ್‌ಗಳು ಒಂದು ಕೂಟ ಮಾಡ್ಕೊಂಡವು. 2005ರ ಜುಲೈನಲ್ಲಿ 20 ಲೀಗ್‌ಗಳ ಪ್ರತಿನಿಧಿಗಳು ಶಿಕಾಗೊದಲ್ಲಿ ಸೇರಿದರು. 70 ವರ್ಷದ ಹಿಂದೆ ಆಟ ಹುಟ್ಟಿದ ಅದೇ ಊರು. ಆ ವರ್ಷವೇ ಕೂಟಕ್ಕೆ ‘ವಿಮೆನ್ಸ್ ಫ್ಲಾಟ್ ಟ್ರ್ಯಾಕ್ ಡರ್ಬಿ ಅಸೋಸಿಯೇಷನ್’ ಅಂತ ಹೆಸರಾಯ್ತು. 2006ರಲ್ಲಿ ಅರಿಜೋನಾದ ಟ್ಯೂಸಾನ್‌ನಲ್ಲಿ ಮೊದಲ ರಾಷ್ಟ್ರೀಯ ಟೂರ್ನಮೆಂಟ್. ಗೆದ್ದದ್ದು ಟೆಕ್ಸಸ್ ರೋಲರ್‌ಗರ್ಲ್ಸ್.

ಸದಸ್ಯತ್ವಕ್ಕೆ ಹಾಕಿದ ಷರತ್ತು ನೋಡಿ: ಲೀಗ್‌ನ ಕನಿಷ್ಠ ಶೇ. 51 ಮಾಲೀಕತ್ವ ಸ್ಕೇಟರ್‌ಗಳದ್ದೇ ಆಗಿರಬೇಕು, ಆಡಳಿತದಲ್ಲೂ ಅವರೇ ಹೆಚ್ಚಿರಬೇಕು. 2003ರ ಜಗಳದಿಂದ ಕಲಿತ ಪಾಠ ಕಾಗದದ ಮೇಲೆ ನಿಯಮ ಆಗಿದ್ದು ಹೀಗೆ. ಒಕ್ಕೂಟ ಮುಂದೆ ತನ್ನದೇ ವಿಮೆ ವ್ಯವಸ್ಥೆಯನ್ನೂ ಮಾಡ್ತು. ನಮ್ಮ ಹಳ್ಳಿಯ ಹಾಲಿನ ಸಂಘ, ಅದರ ಮೇಲೆ ಜಿಲ್ಲಾ ಒಕ್ಕೂಟ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಲೆಕ್ಕ. ಹಾಲು ಹಾಕೋರೇ ಸದಸ್ಯರು.

2009ರಲ್ಲಿ ಡ್ರೂ ಬ್ಯಾರಿಮೋರ್ ನಿರ್ದೇಶನದ ‘ವಿಪ್ ಇಟ್’ ಸಿನಿಮಾ ಬಂತು, ಕಥೆ ಆಸ್ಟಿನ್‌ದೇ. ನೋಡಿದ ಎಷ್ಟೋ ಹುಡುಗಿಯರು ಹತ್ತಿರದ ಲೀಗ್ ಹುಡುಕಿದರು. 2011ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ವಿಶ್ವಕಪ್ ನಡೆದಾಗ 13 ದೇಶ ಬಂದವು, ಅಮೆರಿಕ ಗೆದ್ದಿತು. ಅಷ್ಟೊತ್ತಿಗೆ ಗಂಡಸರ ಲೀಗ್‌ಗಳಿಗೂ ಬೇರೆ ಒಕ್ಕೂಟ ಇತ್ತು. ಅಂಗಡಿ ಮುಚ್ಚಿದ್ದ ಜೆರ್ರಿ ಸೆಲ್ಟ್ಜರ್ ಏನಾದ? 2019ರಲ್ಲಿ ತೀರಿಕೊಳ್ಳೋವರೆಗೂ ಈ ಹೊಸ ಡರ್ಬಿಯ ಹಿತೈಷಿಯಾಗಿದ್ದ.

ಭಾಗ 8/8: ಬೆಲೆ ಎಷ್ಟು?

ಎಲ್ಲಾ ಚೆನ್ನಾಗಿದೆ ಅಂತ ಮುಗಿಸೋಕಾಗಲ್ಲ. ಎಲ್ಲರೂ ಮಾಲೀಕರು ಅಂದರೆ ಎಲ್ಲರಿಗೂ ಮೀಟಿಂಗ್. ಹಗಲು ಆಫೀಸು, ರಾತ್ರಿ ಪ್ರಾಕ್ಟೀಸು, ಭಾನುವಾರ ಲೆಕ್ಕ ಬರೆಯೋದು. ಸುಸ್ತಾಗಿ ಬಿಟ್ಟು ಹೋಗೋರು ಇದ್ದೇ ಇರ್ತಾರೆ. ಚೆನ್ನಾಗಿ ಆಡಿದರೂ ಇದರಿಂದ ಹೊಟ್ಟೆ ತುಂಬಲ್ಲ. 1972ರ ಸ್ಕೇಟರ್‌ಗೆ ಸಂಬಳ ಇತ್ತು, ಹಕ್ಕಿರಲಿಲ್ಲ. ಇವತ್ತಿನ ಸ್ಕೇಟರ್‌ಗೆ ಹಕ್ಕಿದೆ, ಸಂಬಳ ಇಲ್ಲ. ಎರಡೂ ಒಟ್ಟಿಗೆ ಕೊಡೋ ದಾರಿ ಈ ಆಟಕ್ಕೆ ಇನ್ನೂ ಸಿಕ್ಕಿಲ್ಲ.

ಆದರೂ ಒಂದು ವ್ಯತ್ಯಾಸ ಇದೆ. 1973ರಲ್ಲಿ ಒಂದು ಕಂಪನಿ ನಿಂತಾಗ ಅದರ ಜೊತೆ ಆಟವೇ ಹೆಚ್ಚುಕಮ್ಮಿ ಮುಗಿದುಹೋಯ್ತು. 2020ರಲ್ಲಿ ಕೋವಿಡ್ ಬಂದು ಎಲ್ಲಾ ಕಡೆ ಆಟ ನಿಂತಾಗ ಒಕ್ಕೂಟ, ಯಾವ ಹಂತದಲ್ಲಿ ಏನು ಮಾಡಬಹುದು ಅಂತ ವಿವರವಾದ ಯೋಜನೆ ಹೊರಡಿಸಿತು. ಪ್ರತಿ ಊರಿನ ಲೀಗೂ ಅದನ್ನ ನೋಡ್ಕೊಂಡು, ತನ್ನ ಪರಿಸ್ಥಿತಿಗೆ ತಕ್ಕ ಹಾಗೆ ವಾಪಸ್ ಬರಬಹುದಿತ್ತು. ಯಾರೋ ಒಬ್ಬರು ಶಟರ್ ಎಳೆದರೆ ಎಲ್ಲಾ ಮುಗಿಯೋ ಸ್ಥಿತಿ ಇರಲಿಲ್ಲ.

ನೀವು ಕಾಲೇಜಲ್ಲಿ ಬ್ಯಾಂಡ್ ಕಟ್ತಿರಬಹುದು, ನಾಟಕ ತಂಡ, ಕ್ರಿಕೆಟ್ ಟೀಮ್, ಫೆಸ್ಟ್ ಕಮಿಟಿ ಏನೇ ಇರಲಿ. ಶುರುವಿನಲ್ಲಿ ಎಲ್ಲರೂ ಫ್ರೆಂಡ್ಸೇ, ಲೆಕ್ಕ ಕೇಳೋಕೆ ಮುಜುಗರ ಆಗುತ್ತೆ. ಆದರೆ ಲೆಕ್ಕ ಕೇಳೋದು ಅನುಮಾನ ಅಲ್ಲ. ದುಡ್ಡು ಬರೋಕೆ ಮುಂಚೆಯೇ ಮೂರು ವಿಷಯ ಬರೆದಿಟ್ಕೊಳ್ಳಿ: ಅಕೌಂಟ್ ಯಾರ ಹೆಸರಲ್ಲಿ, ಪೆಟ್ಟಾದರೆ ಖರ್ಚು ಯಾರದ್ದು, ಯಾರಿಗೆಲ್ಲ ಓಟು ಇದೆ.

ನಿಮ್ಮ ತಂಡದಲ್ಲಿ ಇದು ಹೇಗಿದೆ? ಕೆಳಗೆ ಬರೀರಿ, ಓದ್ತೀನಿ. ತಂಡದ ಖಜಾಂಚಿಯನ್ನ ಟ್ಯಾಗ್ ಮಾಡೋದು ಮರೀಬೇಡಿ.

#ರೋಲರ್‌ಡರ್ಬಿ #ಆಟದಇತಿಹಾಸ #ಬಿಕಾಂಕಣ್ಣಲ್ಲಿ #ಕನ್ನಡದಲ್ಲಿಓದಿ