ತನ್ನನ್ನು ತಾನೇ ಕಾಯುವ ತಂಪು ಯಂತ್ರ

ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯಿಂದ ಕುರುಗೋಡಿಗೆ ಕಾರಿನಲ್ಲಿ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಹೊರಗೆ 42 ಡಿಗ್ರಿ ಸೆಲ್ಸಿಯಸ್. ದಾರಿ ಬದಿಯ ಬಂಡೆಗುಡ್ಡಗಳು ಕಾದ ಹೆಂಚಿನಂತಿವೆ. ಎದುರಿಗೆ ಭತ್ತದ ಲಾರಿಗಳ ಸಾಲು ನಿಂತಿದೆ. ನಿಮ್ಮ ಕಾರೂ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಎ.ಸಿ.ಯ ಗಾಳಿ ಬೆಚ್ಚಗಾಗುತ್ತದೆ. ಲಾರಿಗಳು ಸರಿದು ಕಾರು ಓಡತೊಡಗಿದರೆ ತಂಪು ತಾನಾಗಿ ಮರಳುತ್ತದೆ. ‘ಎ.ಸಿ. ಕೆಟ್ಟಿದೆ’ ಎಂದು ಹಿಂದಿನ ಸೀಟಿನಿಂದ ಯಾರಾದರೂ ಹೇಳಿಯೇ ಹೇಳುತ್ತಾರೆ. ಆದರೆ ಅದು ಕೆಡಬಾರದೆಂದೇ ನಿಂತಿರಬಹುದು. ಹಾಗೆ ನಿಲ್ಲುವುದನ್ನು ಕಲಿಯಲು ಈ ಯಂತ್ರಕ್ಕೆ ದಶಕಗಳೇ ಬೇಕಾದವು.

ಮೊದಲು ತಂಪು ಹೇಗೆ ಬರುತ್ತದೆಂದು ನೋಡೋಣ. ಮಣ್ಣಿನ ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ಕಾರಿನಲ್ಲೂ ಇದೇ ತತ್ತ್ವ. ಆದರೆ ಗಡಿಗೆಯ ಆವಿ ಗಾಳಿಗೆ ಸೇರಿಹೋಗುತ್ತದೆ. ಕಾರಿನಲ್ಲಿ ಅದನ್ನು ಹಿಡಿದು ಮತ್ತೆ ದ್ರವವಾಗಿಸಬೇಕು. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಗ್ಯಾಸ್ ಕುದಿದು ಒಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿದ್ದೀರಲ್ಲವೆ? ಕಾರಿನ ಮೂತಿಯಲ್ಲಿರುವ ಕಂಡೆನ್ಸರ್ ಆ ಶಾಖವನ್ನು ಹೊರಗಾಳಿಗೆ ಬಿಟ್ಟು ಗ್ಯಾಸನ್ನು ದ್ರವವಾಗಿಸುತ್ತದೆ. ಬಳಿಕ ಒಂದು ಕಿರಿದಾದ ಕವಾಟದ ಮೂಲಕ ಅದು ಮತ್ತೆ ಕಾಯಿಲ್‌ಗೆ ನುಗ್ಗುತ್ತದೆ.

ಈ ಕೆಲಸಕ್ಕೆ ಯಾವ ಗ್ಯಾಸ್? ಹಳೆಯ ಶೀತಕ ಯಂತ್ರಗಳು ಅಮೋನಿಯ, ಗಂಧಕದ ಡೈಆಕ್ಸೈಡ್‌ಗಳನ್ನು ಬಳಸುತ್ತಿದ್ದವು. ಎರಡೂ ವಿಷಕಾರಿ, ಮುಚ್ಚಿದ ಕಾರಿನಲ್ಲಿ ಸೋರಿದರೆ ಜೀವಕ್ಕೇ ಅಪಾಯ. 1930ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಹೊಸ ಗ್ಯಾಸೊಂದನ್ನು ವಿಜ್ಞಾನಿಗಳ ಸಭೆಯಲ್ಲಿ ತಾನೇ ಉಸಿರಿಗೆಳೆದು, ಅದನ್ನೇ ಊದಿ ಮೇಣದ ಬತ್ತಿ ಆರಿಸಿ ತೋರಿಸಿದ. ವಿಷವೂ ಅಲ್ಲ, ಉರಿಯುವುದೂ ಇಲ್ಲ ಎಂದು ಸಾರುವುದಕ್ಕೆ ಇದಕ್ಕಿಂತ ಒಳ್ಳೆಯ ನಾಟಕ ಬೇಕೆ! ಈ ಜಾತಿಯ ಗ್ಯಾಸುಗಳೇ ಸಿ.ಎಫ್.ಸಿ.ಗಳು. ಕಾರುಗಳಿಗೆ ಬಂದದ್ದು ಆರ್-12.

1939ರಲ್ಲಿ ಪ್ಯಾಕರ್ಡ್ ಕಂಪನಿ ಎ.ಸಿ. ಇರುವ ಕಾರನ್ನು ಪ್ರದರ್ಶನಕ್ಕಿಟ್ಟಿತು. ಕಾಯಿಲ್ ಹಿಂದಿನ ಡಿಕ್ಕಿಯಲ್ಲಿ, ಕಂಪ್ರೆಸರ್ ಮುಂದೆ ಎಂಜಿನ್ ಪಕ್ಕದಲ್ಲಿ. ಎಂಜಿನ್ ತಿರುಗಿದಷ್ಟು ಹೊತ್ತೂ ಕಂಪ್ರೆಸರ್ ತಿರುಗಲೇಬೇಕು. ತಂಪು ಸಾಕೆನಿಸಿದರೆ ಫ್ಯಾನ್ ಆರಿಸಬಹುದಿತ್ತು. ಆದರೆ ಕಂಪ್ರೆಸರ್ ನಿಲ್ಲಿಸಲು ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಬಿಚ್ಚಬೇಕಿತ್ತು. ತನ್ನನ್ನು ಕಾಯ್ದುಕೊಳ್ಳುವ ಯಾವ ಉಪಾಯವೂ ಅದಕ್ಕೆ ತಿಳಿದಿರಲಿಲ್ಲ.

1954ರಲ್ಲಿ ನ್ಯಾಶ್ ಕಂಪನಿ ಇಡೀ ವ್ಯವಸ್ಥೆಯನ್ನು ಕಾರಿನ ಮುಂಭಾಗಕ್ಕೆ ತಂದಿತು. ವಿದ್ಯುತ್ಕಾಂತದ ಕ್ಲಚ್ ಬಳಕೆಗೆ ಬಂದ ಮೇಲಂತೂ ಬೆಲ್ಟ್ ತಿರುಗುತ್ತಿದ್ದರೂ ಕಂಪ್ರೆಸರನ್ನು ಬೇಕೆಂದಾಗ ಬಿಡಿಸಿಡಬಹುದಾಯಿತು. ನನ್ನ ಮಟ್ಟಿಗೆ ಕಾರಿನ ಎ.ಸಿ.ಯ ಇತಿಹಾಸದಲ್ಲಿ ಇದೇ ದೊಡ್ಡ ಹೆಜ್ಜೆ. ನೀವು ಕೇಳುವ ‘ಟಕ್’ ಸದ್ದು ಈ ಕ್ಲಚ್ಚಿನದೇ. ಮುಂದಿನ ಕಾವಲುಗಾರರೆಲ್ಲ ಇದರ ತಂತಿಗೇ ಜೋಡಣೆಯಾದರು. ಕಾಯಿಲ್ ಮೇಲೆ ಮಂಜು ಕಟ್ಟುವ ಮೊದಲೇ ಥರ್ಮೋಸ್ಟಾಟ್ ಕ್ಲಚ್ಚನ್ನು ಬಿಡಿಸುತ್ತದೆ. ಗ್ಯಾಸ್ ಸೋರಿ ಒತ್ತಡ ಇಳಿದರೆ ಲೋ-ಪ್ರೆಶರ್ ಸ್ವಿಚ್ ಬಿಡಿಸುತ್ತದೆ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನೊಂದಿಗೇ ಹರಿಯುವುದರಿಂದ, ಗ್ಯಾಸಿಲ್ಲದೆ ತಿರುಗಿದ ಕಂಪ್ರೆಸರ್ ಒಣಗಿ ಕಚ್ಚಿಕೊಳ್ಳುತ್ತದೆ. ಕೆಲವರು ಈ ಸ್ವಿಚ್ಚಿಗೆ ಒಂದು ತುಂಡು ವೈರು ಸುತ್ತಿ ‘ರಿಪೇರಿ’ ಮಾಡಿಬಿಡುತ್ತಾರೆ. ಕಾವಲುಗಾರನ ಕಣ್ಣು ಕಟ್ಟಿ ಬಾಗಿಲು ತೆರೆದಿಟ್ಟಂತೆ!

ಇನ್ನು ನಮ್ಮ ಲಾರಿಗಳ ಸಾಲಿಗೆ ಬನ್ನಿ. 42 ಡಿಗ್ರಿಯ ಗಾಳಿಗೆ ಶಾಖ ಕೊಡಬೇಕಾದರೆ ಕಂಡೆನ್ಸರ್ ಅದಕ್ಕಿಂತ ಬಿಸಿಯಾಗಿರಬೇಕು. ಇಂದಿನ ಬಹಳಷ್ಟು ಕಾರುಗಳಲ್ಲಿರುವ ಆರ್-134ಎ ಗ್ಯಾಸು 60 ಡಿಗ್ರಿಯಲ್ಲಿ ದ್ರವವಾಗಲು ವಾತಾವರಣದ ಸುಮಾರು 17 ಪಟ್ಟು ಒತ್ತಡ ಬೇಕು. ಕಾರು ನಿಂತರೆ ಎದುರುಗಾಳಿ ಇಲ್ಲ, ಫ್ಯಾನೊಂದೇ ಗತಿ. ಕಂಡೆನ್ಸರಿನ ಸಂದುಗಳಲ್ಲಿ ಅದಿರಿನ ಕೆಂಧೂಳು ತುಂಬಿದ್ದರಂತೂ ಒತ್ತಡ ಏರುತ್ತಲೇ ಹೋಗುತ್ತದೆ. ಸುಮಾರು 30 ಪಟ್ಟಿಗೆ ಬಂದಾಗ ಹೈ-ಪ್ರೆಶರ್ ಸ್ವಿಚ್ ಕ್ಲಚ್ಚನ್ನು ಬಿಡಿಸುತ್ತದೆ. ಹೊಸ ಕಾರುಗಳಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದ್ದು, ತೀರ್ಮಾನವನ್ನು ಕಂಪ್ಯೂಟರ್ ಮಾಡುತ್ತದೆ. ಕಂಡೆನ್ಸರನ್ನು ಹದವಾಗಿ ನೀರು ಬಿಟ್ಟು ತೊಳೆಸಿದರೆ ಎಷ್ಟೋ ಸಲ ‘ಕೆಟ್ಟ’ ಎ.ಸಿ. ಸರಿಹೋಗುತ್ತದೆ.

ಇಂಥ ಸ್ವಿಚ್ಚಿಲ್ಲದ ಹಳೆಯ ಕಾರುಗಳಲ್ಲಿ ಒತ್ತಡ ಮಿತಿಮೀರಿದರೆ ಒಂದು ಕವಾಟ ತೆರೆದು ಗ್ಯಾಸನ್ನು ಹೊರಗೆ ಬಿಡುತ್ತಿತ್ತು. ಕಂಪ್ರೆಸರ್ ಉಳಿಯುತ್ತಿತ್ತು, ಆರ್-12 ಆಕಾಶ ಸೇರುತ್ತಿತ್ತು. ಅದು ಮೇಲೇರಿ ಏನು ಮಾಡುತ್ತದೆಂದು 1974ರವರೆಗೆ ಯಾರೂ ಲೆಕ್ಕ ಹಾಕಿರಲಿಲ್ಲ. ಸಿ.ಎಫ್.ಸಿ.ಯಿಂದ ಬಿಡುಗಡೆಯಾಗುವ ಕ್ಲೋರಿನ್, ಓಝೋನ್ ಪದರವನ್ನು ತಿನ್ನಬಲ್ಲದೆಂದು ಆ ವರ್ಷ ಮೊಲಿನಾ ಮತ್ತು ರೌಲೆಂಡ್ ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ‘ರಂಧ್ರ’ದ ವರದಿ ಬಂತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಸೇರಿತು. ಆರ್-12ರ ಜಾಗಕ್ಕೆ ಆರ್-134ಎ ಬಂತು. ಅದು ಓಝೋನನ್ನು ತಿನ್ನುವುದಿಲ್ಲ, ಆದರೆ ಶಾಖ ಹಿಡಿದಿಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲಶಾಲಿ. ಅದನ್ನೂ ಇಳಿಸುತ್ತ ಹೋಗಬೇಕೆಂಬ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿತು.

ಮುಂದಿನ ಸಲ ನಿಮ್ಮೂರಿನ ಗ್ಯಾರೇಜಿನಲ್ಲಿ ಎ.ಸಿ. ರಿಪೇರಿ ನಡೆಯುವಾಗ ಸ್ವಲ್ಪ ನಿಂತು ನೋಡಿ. ಪೈಪು ಬಿಚ್ಚುವ ಮೊದಲು ಹಳೆಯ ಗ್ಯಾಸನ್ನು ಯಂತ್ರವೊಂದರಿಂದ ಸಿಲಿಂಡರಿಗೆ ಎಳೆದುಕೊಳ್ಳುತ್ತಾರೋ, ಅಥವಾ ‘ಬುಸ್’ ಎನ್ನಿಸಿ ಗಾಳಿಗೆ ಬಿಡುತ್ತಾರೋ?