ಇ-ರೀಡರ್

ಇ-ರೀಡರ್ ಅಥವಾ ಇ-ಪುಸ್ತಕ ಓದುಗ ಸಾಧನವು ವಿದ್ಯುನ್ಮಾನ ರೂಪದ ಪುಸ್ತಕಗಳನ್ನು ಓದುವುದಕ್ಕೆಂದೇ ರೂಪಿಸಲಾದ, ಕೈಯಲ್ಲಿ ಹಿಡಿಯಬಹುದಾದ ಸಾಧನ. ಮೊಬೈಲ್ ಫೋನ್ ಹಾಗೂ ಟ್ಯಾಬ್ಲೆಟ್‌ಗಳಲ್ಲಿಯೂ ಇ-ಪುಸ್ತಕಗಳನ್ನು ಓದಬಹುದಾದರೂ, ಇ-ರೀಡರ್‌ನ ಪರದೆ ಕಾಗದವನ್ನು ಹೋಲುತ್ತದೆ, ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಮತ್ತು ಅತ್ಯಲ್ಪ ವಿದ್ಯುತ್ತನ್ನು ಬಳಸುತ್ತದೆ. ಅಮೆಜಾನ್ ಸಂಸ್ಥೆಯ ಕಿಂಡಲ್, ರಾಕುಟೆನ್ ಸಂಸ್ಥೆಯ ಕೋಬೋ, ಬಾರ್ನ್ಸ್ ಅಂಡ್ ನೋಬಲ್ ಸಂಸ್ಥೆಯ ನೂಕ್ ಮತ್ತು ಪಾಕೆಟ್‌ಬುಕ್ ಇವು ಪ್ರಮುಖ ಸರಣಿಗಳು.

ಈ ಸಾಧನಗಳಲ್ಲಿ ಕನ್ನಡ ಪುಸ್ತಕವನ್ನು ಓದಲು ಸಾಧ್ಯವೇ ಎಂಬುದು ಕೇವಲ ಪರದೆಯ ಗುಣಮಟ್ಟದಿಂದ ನಿರ್ಧಾರವಾಗುವುದಿಲ್ಲ. ಪಠ್ಯವು ಯೂನಿಕೋಡ್‌ನಲ್ಲಿರುವುದು, ಸಾಧನದ ತಂತ್ರಾಂಶವು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವುದು ಮತ್ತು ಆ ಸಾಧನದ ಮಳಿಗೆಯಲ್ಲಿ ಕನ್ನಡ ಪುಸ್ತಕಗಳು ದೊರೆಯುವುದು ಎಂಬ ಮೂರು ಅಂಶಗಳು ಇದರಲ್ಲಿ ಮುಖ್ಯವಾಗಿವೆ.

ಇತಿಹಾಸ

ಇ-ಪುಸ್ತಕಗಳು ಇ-ರೀಡರ್‌ಗಳಿಗಿಂತ ಹಳೆಯವು. 1971ರಲ್ಲಿ ಅಮೆರಿಕದ ಮೈಕೆಲ್ ಹಾರ್ಟ್ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಯೋಜನೆಯು ಹಕ್ಕುಸ್ವಾಮ್ಯ ಮುಕ್ತ ಕೃತಿಗಳನ್ನು ಗಣಕಯಂತ್ರದಲ್ಲಿ ಉಚಿತವಾಗಿ ಒದಗಿಸತೊಡಗಿತು. ಓದುವುದಕ್ಕೆಂದೇ ತಯಾರಾದ ಆರಂಭಿಕ ಸಾಧನಗಳಲ್ಲಿ 1998ರಲ್ಲಿ ಬಂದ ರಾಕೆಟ್ ಇ-ಬುಕ್ ಮತ್ತು ಸಾಫ್ಟ್‌ಬುಕ್ ಪ್ರಮುಖವಾದವು. ಇವು ಎಲ್‌ಸಿಡಿ ಪರದೆಯನ್ನು ಹೊಂದಿದ್ದವು.

ವಿದ್ಯುನ್ಮಾನ ಕಾಗದದ ಪರದೆಯುಳ್ಳ ಮೊದಲ ವಾಣಿಜ್ಯ ಇ-ರೀಡರ್ ಆದ ಲಿಬ್ರಿಯೆಯನ್ನು ಸೋನಿ ಸಂಸ್ಥೆಯು 2004ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿತು. 2006ರಲ್ಲಿ ಅದೇ ಸಂಸ್ಥೆಯ ಸೋನಿ ರೀಡರ್ ಅಮೆರಿಕದ ಮಾರುಕಟ್ಟೆಗೆ ಬಂದಿತು. 2007ರ ನವೆಂಬರ್ 19ರಂದು ಅಮೆಜಾನ್ ಬಿಡುಗಡೆ ಮಾಡಿದ ಕಿಂಡಲ್, ನಿಸ್ತಂತು ಜಾಲದ ಮೂಲಕ ನೇರವಾಗಿ ಸಾಧನದಿಂದಲೇ ಪುಸ್ತಕ ಕೊಳ್ಳುವ ವ್ಯವಸ್ಥೆಯನ್ನು ಒದಗಿಸಿತು. 399 ಡಾಲರ್ ಬೆಲೆಯ ಈ ಸಾಧನದ ಮೊದಲ ದಾಸ್ತಾನು ಐದೂವರೆ ಗಂಟೆಗಳಲ್ಲಿ ಮಾರಾಟವಾಯಿತು. 2009ರಲ್ಲಿ ನೂಕ್ ಮತ್ತು 2010ರಲ್ಲಿ ಕೋಬೋ ಮಾರುಕಟ್ಟೆಗೆ ಬಂದವು. ಸೋನಿ ಸಂಸ್ಥೆಯು 2014ರಲ್ಲಿ ಸಾಮಾನ್ಯ ಗ್ರಾಹಕರ ಇ-ರೀಡರ್ ವ್ಯವಹಾರದಿಂದ ಹಿಂದೆ ಸರಿಯಿತು.

ಭಾರತದಲ್ಲಿ ಇನ್ಫಿಬೀಮ್ ಸಂಸ್ಥೆಯು 2010ರಲ್ಲಿ 'ಪೈ' ಎಂಬ ಇ-ರೀಡರನ್ನು ಹೊರತಂದಿತು. 2012ರ ಆಗಸ್ಟ್‌ನಲ್ಲಿ ಅಮೆಜಾನ್ ಭಾರತಕ್ಕಾಗಿ ಕಿಂಡಲ್ ಪುಸ್ತಕ ಮಳಿಗೆಯನ್ನು ತೆರೆದು ರೂಪಾಯಿಯಲ್ಲಿ ಮಾರಾಟ ಆರಂಭಿಸಿತು. ಆಗ ಮೂಲ ಮಾದರಿಯ ಕಿಂಡಲ್‌ನ ಬೆಲೆ 6,999 ರೂಪಾಯಿಗಳಾಗಿತ್ತು.

ಪರದೆಯ ತಂತ್ರಜ್ಞಾನ

ಬಹುತೇಕ ಇ-ರೀಡರ್‌ಗಳು ಇ-ಇಂಕ್ ಎಂಬ ವಿದ್ಯುನ್ಮಾನ ಕಾಗದವನ್ನು ಬಳಸುತ್ತವೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ನಡೆದ ಸಂಶೋಧನೆಯ ಫಲವಾಗಿ 1997ರಲ್ಲಿ ಇ-ಇಂಕ್ ಸಂಸ್ಥೆ ಸ್ಥಾಪನೆಯಾಯಿತು. ಈ ಪರದೆಯಲ್ಲಿ ಕೂದಲೆಳೆಯ ದಪ್ಪದ ಲಕ್ಷಾಂತರ ಸೂಕ್ಷ್ಮ ಕೋಶಗಳಿರುತ್ತವೆ. ಪ್ರತಿ ಕೋಶದಲ್ಲಿರುವ ಪಾರದರ್ಶಕ ದ್ರವದಲ್ಲಿ ಧನ ವಿದ್ಯುದಾವೇಶದ ಬಿಳಿ ಕಣಗಳೂ ಋಣ ವಿದ್ಯುದಾವೇಶದ ಕಪ್ಪು ಕಣಗಳೂ ತೇಲುತ್ತಿರುತ್ತವೆ. ವಿದ್ಯುತ್ ಕ್ಷೇತ್ರದ ದಿಕ್ಕಿಗೆ ಅನುಗುಣವಾಗಿ ಬಿಳಿ ಅಥವಾ ಕಪ್ಪು ಕಣಗಳು ಮೇಲ್ಭಾಗಕ್ಕೆ ಬಂದು ಅಕ್ಷರಗಳು ಮೂಡುತ್ತವೆ.

ಒಮ್ಮೆ ಮೂಡಿದ ಪುಟವು ವಿದ್ಯುತ್ ಪೂರೈಕೆ ಇಲ್ಲದೆಯೂ ಹಾಗೆಯೇ ಉಳಿಯುತ್ತದೆ. ಮುಖ್ಯವಾಗಿ ಪುಟ ಬದಲಿಸುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕಾಗುವುದರಿಂದ ಒಮ್ಮೆ ಚಾರ್ಜ್ ಮಾಡಿದ ಸಾಧನವನ್ನು ವಾರಗಟ್ಟಲೆ ಬಳಸಬಹುದು. ಪರದೆಯು ಹೊರಗಿನ ಬೆಳಕನ್ನು ಪ್ರತಿಫಲಿಸುವುದರಿಂದ ಬಿಸಿಲು ಹೆಚ್ಚಿದಂತೆ ಓದು ಸುಲಭವಾಗುತ್ತದೆ. ಕತ್ತಲೆಯಲ್ಲಿ ಓದಲು ಅಂಚಿನಿಂದ ಪರದೆಯ ಮೇಲೆ ಹರಡುವ ಮುಂಬೆಳಕನ್ನು ಅಳವಡಿಸಲಾಗುತ್ತದೆ. ಪುಟ ಬದಲಾಗುವ ವೇಗ ಕಡಿಮೆಯಿರುವುದು ಮತ್ತು ಚಲನಚಿತ್ರಗಳಿಗೆ ಸೂಕ್ತವಲ್ಲದಿರುವುದು ಇದರ ಮಿತಿಗಳು.

ಪ್ರಮುಖ ಸರಣಿಗಳು ಮತ್ತು ವೈಶಿಷ್ಟ್ಯಗಳು

ಕಿಂಡಲ್: ಮೊದಲ ಕಿಂಡಲ್‌ನಲ್ಲಿ 6 ಅಂಗುಲದ ಪರದೆ, ನಾಲ್ಕು ಬೂದು ಛಾಯೆಗಳು, 250 ಎಂಬಿ ಸಂಗ್ರಹ ಮತ್ತು ಕೀಲಿಮಣೆ ಇದ್ದವು. 2011ರಲ್ಲಿ ಕೀಲಿಮಣೆಯಿಲ್ಲದ ಮಾದರಿಯೂ ಸ್ಪರ್ಶಪರದೆಯ ಕಿಂಡಲ್ ಟಚ್ ಕೂಡ ಬಂದವು. ಮೂಲ ಮಾದರಿಗೆ 2019ರಲ್ಲಿ ಮುಂಬೆಳಕನ್ನು ಸೇರಿಸಲಾಯಿತು.

ಕಿಂಡಲ್ ಪೇಪರ್‌ವೈಟ್: 2012ರಲ್ಲಿ ಮುಂಬೆಳಕಿನೊಂದಿಗೆ ಬಿಡುಗಡೆಯಾಯಿತು. 2015ರ ಆವೃತ್ತಿಯಲ್ಲಿ ಪರದೆಯ ಸಾಂದ್ರತೆ ಅಂಗುಲಕ್ಕೆ 300 ಬಿಂದುಗಳಿಗೆ ಏರಿತು. 2018ರ ಆವೃತ್ತಿ ನೀರು ನಿರೋಧಕವಾಗಿದ್ದು, 2021ರ ಆವೃತ್ತಿಯಲ್ಲಿ 6.8 ಅಂಗುಲದ ಪರದೆ ಇದೆ.

ಕಿಂಡಲ್ ಓಯಸಿಸ್: 2016ರಲ್ಲಿ ಬಂದ, ಪುಟ ತಿರುಗಿಸುವ ಗುಂಡಿಗಳುಳ್ಳ ದುಬಾರಿ ಮಾದರಿ. ಇದರ 2017ರ ಆವೃತ್ತಿಯು ನೀರು ನಿರೋಧಕವಾದ ಮೊದಲ ಕಿಂಡಲ್ ಆಗಿದೆ.

ಕಿಂಡಲ್ ಸ್ಕ್ರೈಬ್: 2022ರಲ್ಲಿ ಬಿಡುಗಡೆಯಾದ 10.2 ಅಂಗುಲದ ಸಾಧನ. ವಿಶೇಷ ಲೇಖನಿಯಿಂದ ಪರದೆಯ ಮೇಲೆ ಬರೆಯಲು ಅವಕಾಶವಿದೆ.

ಕಿಂಡಲ್ ಕಲರ್‌ಸಾಫ್ಟ್: 2024ರಲ್ಲಿ ಬಂದ ವರ್ಣ ಪರದೆಯ ಮಾದರಿ.

ಕೋಬೋ: ಕೆನಡಾ ಮೂಲದ ಈ ಸರಣಿಯನ್ನು 2012ರಲ್ಲಿ ಜಪಾನಿನ ರಾಕುಟೆನ್ ಸಂಸ್ಥೆ ತನ್ನದಾಗಿಸಿಕೊಂಡಿತು. ಇಪಬ್ ಸ್ವರೂಪದ ಕಡತಗಳನ್ನು ನೇರವಾಗಿ ತೆರೆಯುವುದು ಮತ್ತು ಬಳಕೆದಾರರು ತಮ್ಮ ಆಯ್ಕೆಯ ಫಾಂಟ್‌ಗಳನ್ನು ಸೇರಿಸಿಕೊಳ್ಳಲು ಅವಕಾಶ ನೀಡುವುದು ಇದರ ವೈಶಿಷ್ಟ್ಯ.

ಆಂಡ್ರಾಯ್ಡ್ ಆಧಾರಿತ ಸಾಧನಗಳು: ಓನಿಕ್ಸ್ ಬೂಕ್ಸ್ ಮುಂತಾದವು ಇ-ಇಂಕ್ ಪರದೆಯಲ್ಲಿ ಆಂಡ್ರಾಯ್ಡ್ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸುತ್ತವೆ. ಇವುಗಳಲ್ಲಿ ಬೇರೆ ಬೇರೆ ಸಂಸ್ಥೆಗಳ ಓದುವ ಆ್ಯಪ್‌ಗಳನ್ನು ಅಳವಡಿಸಿಕೊಳ್ಳಬಹುದು.

ಕಡತ ಸ್ವರೂಪಗಳು

ಇಪಬ್ ಎಂಬುದು ಮುಕ್ತ ಮಾನಕವಾಗಿದ್ದು, ಪರದೆಯ ಅಗಲ ಹಾಗೂ ಅಕ್ಷರಗಳ ಗಾತ್ರಕ್ಕೆ ತಕ್ಕಂತೆ ಸಾಲುಗಳು ಮರುಜೋಡಣೆಯಾಗುತ್ತವೆ. ದೃಷ್ಟಿ ಮಂದವಾಗಿರುವವರು ಅಕ್ಷರಗಳನ್ನು ದೊಡ್ಡದಾಗಿಸಿಕೊಂಡು ಓದಲು ಇದು ಅನುಕೂಲಕರ. ಕಿಂಡಲ್ ತನ್ನದೇ ಸ್ವರೂಪಗಳನ್ನು ಬಳಸುತ್ತದೆ. ಇಪಬ್ ಕಡತಗಳನ್ನು ಅಮೆಜಾನ್‌ನ ಸೇವೆಯ ಮೂಲಕ ಪರಿವರ್ತಿಸಿ ಕಿಂಡಲ್‌ಗೆ ಕಳುಹಿಸುವ ಸೌಲಭ್ಯ 2022ರಿಂದ ದೊರೆಯುತ್ತಿದೆ.

ಪಿಡಿಎಫ್ ಸ್ವರೂಪದಲ್ಲಿ ಪುಟದ ವಿನ್ಯಾಸ ಸ್ಥಿರವಾಗಿರುತ್ತದೆ. ಅಕ್ಷರಗಳ ಆಕಾರವು ಕಡತದಲ್ಲಿಯೇ ಅಡಕವಾಗಿರುವುದರಿಂದ ಕನ್ನಡವು ತಪ್ಪಿಲ್ಲದೆ ಕಾಣುತ್ತದೆ. ಆದರೆ ಮುದ್ರಿತ ಪುಟದ ಅಳತೆಯು 6 ಅಂಗುಲದ ಪರದೆಗೆ ಕುಗ್ಗುವುದರಿಂದ ಅಕ್ಷರಗಳು ಚಿಕ್ಕದಾಗುತ್ತವೆ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು ಚಿತ್ರಗಳಷ್ಟೇ ಆಗಿರುತ್ತವೆ. ಅವುಗಳಲ್ಲಿ ಪದ ಹುಡುಕುವುದಾಗಲಿ ಅಕ್ಷರದ ಗಾತ್ರ ಬದಲಿಸುವುದಾಗಲಿ ಸಾಧ್ಯವಿಲ್ಲ.

ಕನ್ನಡ ಓದು ಮತ್ತು ಇ-ರೀಡರ್

ಲಿಪಿಯ ಜೋಡಣೆ: ಕನ್ನಡದ ಅಕ್ಷರಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಲ್ಲುವುದಿಲ್ಲ. 'ಸ್ತ್ರೀ' ಎಂಬ ಒಂದೇ ಅಕ್ಷರವು ಯೂನಿಕೋಡ್‌ನಲ್ಲಿ ಆರು ಸಂಕೇತಗಳಿಂದ ಕೂಡಿದೆ. 'ಸೂರ್ಯ' ಎಂಬ ಪದದಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಅರ್ಕಾವತ್ತಿನ ರೂಪದಲ್ಲಿ ನಂತರ ಬರೆಯುವ ಪದ್ಧತಿಯೂ ಇದೆ. ಇಂತಹ ಜೋಡಣೆಯ ನಿಯಮಗಳನ್ನು ಸಾಧನದ ತಂತ್ರಾಂಶವು ಅರಿತಿರಬೇಕು. ಇಲ್ಲವಾದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕನ್ನಡ ಫಾಂಟನ್ನು ಕಡತದೊಳಗೆ ಸೇರಿಸಿದರೂ ಜೋಡಣೆಯ ಕೆಲಸ ತಂತ್ರಾಂಶದ್ದೇ ಆಗಿರುತ್ತದೆ.

ಹಳೆಯ ಪಠ್ಯಗಳು: ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಕನ್ನಡದ ಅನೇಕ ಪುಸ್ತಕಗಳನ್ನು ನುಡಿ, ಬರಹ ಮೊದಲಾದ ತಂತ್ರಾಂಶಗಳ ವಿಶಿಷ್ಟ ಫಾಂಟ್ ಸಂಕೇತಗಳಲ್ಲಿ ಅಕ್ಷರಜೋಡಣೆ ಮಾಡಲಾಗಿತ್ತು. ಆ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಇ-ಪುಸ್ತಕವಾಗಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಪರಿವರ್ತನೆಯ ನಂತರವೂ ಕರಡು ತಿದ್ದುವುದು ಅಗತ್ಯ.

ಪದಗಳ ಉದ್ದ ಮತ್ತು ನಿಘಂಟು: ಪ್ರತ್ಯಯಗಳು ಸೇರಿ ಉದ್ದವಾಗುವ ಕನ್ನಡ ಪದಗಳು ಚಿಕ್ಕ ಪರದೆಯಲ್ಲಿ ಸಾಲಿನ ಪದಗಳ ನಡುವೆ ದೊಡ್ಡ ತೆರಪುಗಳನ್ನು ಉಂಟುಮಾಡುತ್ತವೆ. ಪದವನ್ನು ಮುಟ್ಟಿ ಅರ್ಥ ನೋಡುವ ಸೌಲಭ್ಯಕ್ಕೂ ಇದೇ ತೊಡಕು ಎದುರಾಗುತ್ತದೆ. 'ಮನೆಯಲ್ಲಿ' ಎಂಬ ರೂಪದಿಂದ 'ಮನೆ' ಎಂಬ ಮೂಲಪದವನ್ನು ಗುರುತಿಸುವ ಏರ್ಪಾಡು ನಿಘಂಟಿನಲ್ಲಿರಬೇಕಾಗುತ್ತದೆ.

ಪುಸ್ತಕ ಮಳಿಗೆ: 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕಗಳನ್ನು ಕಿಂಡಲ್ ಮಳಿಗೆಯಲ್ಲಿ ಒದಗಿಸುವುದಾಗಿ ಪ್ರಕಟಿಸಿತು. ಆಗ ಸೇರ್ಪಡೆಯಾದವು ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಎಂಬ ಐದು ಭಾಷೆಗಳು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡ ಇ-ಪುಸ್ತಕಗಳ ಮಾರಾಟವು ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್ ಮುಂತಾದ ವೇದಿಕೆಗಳ ಮೂಲಕ ಬೆಳೆಯಿತು. ಇವುಗಳನ್ನು ಮುಖ್ಯವಾಗಿ ಮೊಬೈಲ್‌ನಲ್ಲಿ ಓದಲಾಗುತ್ತದೆ. ಇ-ಇಂಕ್ ಪರದೆಯಲ್ಲಿ ಇಂತಹ ಆ್ಯಪ್‌ಗಳನ್ನು ಬಳಸಬಯಸುವವರಿಗೆ ಆಂಡ್ರಾಯ್ಡ್ ಆಧಾರಿತ ಸಾಧನಗಳು ಒಂದು ಮಾರ್ಗವಾಗಿವೆ.

ಉಚಿತ ಪಠ್ಯಗಳು: ಕನ್ನಡ ವಿಕಿಸೋರ್ಸ್ ಹಕ್ಕುಸ್ವಾಮ್ಯ ಮುಕ್ತ ಕೃತಿಗಳನ್ನು ಯೂನಿಕೋಡ್‌ನಲ್ಲಿ ಒದಗಿಸುತ್ತದೆ. ಅಲ್ಲಿಂದ ಇಪಬ್ ಮತ್ತು ಪಿಡಿಎಫ್ ರೂಪದಲ್ಲಿ ಕಡತಗಳನ್ನು ಇಳಿಸಿಕೊಳ್ಳಬಹುದು. ಕರ್ನಾಟಕ ಸರ್ಕಾರದ ಗ್ರಂಥಾಲಯ ಇಲಾಖೆಯು 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ಆರಂಭಿಸಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣವು 2016ರಿಂದ ನಿಘಂಟು ಹಾಗೂ ಪಠ್ಯಗಳನ್ನು ಒದಗಿಸುತ್ತಿದೆ.

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಸಂದರ್ಭ

ಇ-ರೀಡರ್‌ನ ಅನುಕೂಲಗಳೂ ಕನ್ನಡದಲ್ಲಿ ಅದಕ್ಕಿರುವ ತೊಡಕುಗಳೂ ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಒಟ್ಟಿಗೆ ಕಾಣಸಿಗುತ್ತವೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಾಗೂ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಅನೇಕ ಜನವಸತಿಗಳು ಅರಣ್ಯದ ಒಳಗೆ ಅಥವಾ ಅಂಚಿನಲ್ಲಿವೆ. ಅಂತರ್ಜಾಲ ಇರುವ ಕಡೆ ಒಮ್ಮೆ ಪುಸ್ತಕಗಳನ್ನು ತುಂಬಿಕೊಂಡರೆ ಅನಂತರ ಸಂಪರ್ಕದ ಅಗತ್ಯವಿಲ್ಲದೆ, ವಾರಗಟ್ಟಲೆ ಚಾರ್ಜ್ ಮಾಡದೆ ಓದಬಹುದಾದ ಸಾಧನವು ಇಂತಹ ಊರುಗಳಿಗೆ ಸೂಕ್ತವಾದುದು.

ಕೊಳ್ಳೇಗಾಲವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದು ಕೊಳ್ಳೇಗಾಲದ ಭಾಗವಾಗಿದ್ದು, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ತಮಿಳುನಾಡಿನ ಗಡಿಗೆ ಹೊಂದಿಕೊಂಡಿದೆ. ಕನ್ನಡ ಮಾತನಾಡುವವರ ಜೊತೆಗೆ ತಮಿಳು ಮಾತನಾಡುವ ಕುಟುಂಬಗಳೂ ಇಲ್ಲಿವೆ. 2016ರ ಪ್ರಕಟಣೆಯ ಫಲವಾಗಿ ಒಂದೇ ಊರಿನ, ಒಂದೇ ಸಾಧನವುಳ್ಳ ಇಬ್ಬರು ಓದುಗರಲ್ಲಿ ತಮಿಳು ಓದುವವರಿಗೆ ತಮ್ಮ ಭಾಷೆಯ ಪುಸ್ತಕ ಮಳಿಗೆಯಲ್ಲಿ ಸಿಗುವಂತಾಯಿತು. ಕನ್ನಡ ಓದುವವರಿಗೆ ಕಡತಗಳನ್ನು ಬೇರೆಡೆಯಿಂದ ತಾವೇ ತಂದು ಹಾಕಿಕೊಳ್ಳುವ ಕೆಲಸ ಉಳಿಯಿತು.

ಈ ಭಾಗದ ಸಾಹಿತ್ಯವೂ ಇ-ಪುಸ್ತಕ ರೂಪಿಸುವವರ ಮುಂದೆ ಭಿನ್ನ ಬಗೆಯ ಪ್ರಶ್ನೆಗಳನ್ನು ಇಡುತ್ತದೆ. 17ನೇ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಕವಯಿತ್ರಿ ಸಂಚಿಯ ಹೊನ್ನಮ್ಮ ಯಳಂದೂರಿನವರು. ಅವರ 'ಹದಿಬದೆಯ ಧರ್ಮ' ಹಕ್ಕುಸ್ವಾಮ್ಯದ ತೊಡಕಿಲ್ಲದ ಕೃತಿ. ಆದರೆ ಅದು ಸಾಂಗತ್ಯದಲ್ಲಿರುವುದರಿಂದ, ಅಕ್ಷರದ ಗಾತ್ರ ಹೆಚ್ಚಿಸಿದಾಗ ಪದ್ಯದ ಪಾದಗಳು ನಡುವೆ ಮುರಿದು ಛಂದಸ್ಸಿನ ರೂಪ ಮರೆಯಾಗದಂತೆ ಕಡತವನ್ನು ಸಿದ್ಧಪಡಿಸಬೇಕಾಗುತ್ತದೆ.

ದೇವರಗುಡ್ಡರು ಹಾಡುವ ಮಲೆ ಮಹದೇಶ್ವರ ಕಾವ್ಯ ಹಾಗೂ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಮೌಖಿಕ ಪರಂಪರೆಗೆ ಸೇರಿದವು. ಇವುಗಳ ಸಂಗ್ರಹಗಳು ಮುದ್ರಣದಲ್ಲಿ ಬಂದಿದ್ದರೂ, ಮೂಲ ಹಾಡು ಪ್ರಾಚೀನವಾದರೂ, ಸಂಪಾದಿತ ಗ್ರಂಥಕ್ಕೆ ಹಕ್ಕುಸ್ವಾಮ್ಯ ಇರಬಹುದಾದ್ದರಿಂದ ಅವುಗಳನ್ನು ಅನುಮತಿಯಿಲ್ಲದೆ ಇ-ಪುಸ್ತಕವಾಗಿಸುವಂತಿಲ್ಲ. ಕಂಸಾಳೆಯ ಲಯ, ತಂಬೂರಿಯ ಶ್ರುತಿ ಮತ್ತು ಹಾಡಿನ ಧಾಟಿಯನ್ನು ಅಕ್ಷರವನ್ನಷ್ಟೇ ತೋರಿಸುವ ಸಾಧನವು ಉಳಿಸಿಕೊಡಲಾರದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನುಡಿಯನ್ನು ಬರೆಯಲು ಕನ್ನಡ ಲಿಪಿಯನ್ನೇ ಬಳಸಲಾಗುತ್ತದೆ. ಆದ್ದರಿಂದ ಕನ್ನಡ ಲಿಪಿಯನ್ನು ಸರಿಯಾಗಿ ಜೋಡಿಸುವ ಸಾಧನದಲ್ಲಿ ಸೋಲಿಗ ಪಠ್ಯಗಳನ್ನೂ ಓದಬಹುದಾಗಿದೆ.

ಮಾಲೀಕತ್ವ ಮತ್ತು ಮಿತಿಗಳು

ಅನೇಕ ಮಳಿಗೆಗಳು ಇ-ಪುಸ್ತಕಗಳಿಗೆ ಡಿಜಿಟಲ್ ಹಕ್ಕುಗಳ ನಿರ್ವಹಣೆಯ ಬೀಗವನ್ನು ಅಳವಡಿಸುತ್ತವೆ. ಅಂತಹ ಪುಸ್ತಕವನ್ನು ಮುದ್ರಿತ ಪುಸ್ತಕದಂತೆ ಇತರರಿಗೆ ಎರವಲು ಕೊಡಲು ಅಥವಾ ಮರುಮಾರಾಟ ಮಾಡಲು ಆಗದು. 2009ರ ಜುಲೈನಲ್ಲಿ ಅಮೆಜಾನ್, ಹಕ್ಕುಸ್ವಾಮ್ಯದ ಸಮಸ್ಯೆಯ ಕಾರಣ ನೀಡಿ, ಜಾರ್ಜ್ ಆರ್ವೆಲ್ ಅವರ '1984' ಹಾಗೂ 'ಅನಿಮಲ್ ಫಾರ್ಮ್' ಕೃತಿಗಳ ಕೆಲವು ಪ್ರತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಇದು ವ್ಯಾಪಕ ಟೀಕೆಗೆ ಗುರಿಯಾಗಿ, ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಯಾಚಿಸಿದರು.

ಸಾಧನದ ಬೆಲೆ, ಪರದೆ ಒಡೆದರೆ ದುರಸ್ತಿಯ ಕಷ್ಟ ಮತ್ತು ಓದಿಗಷ್ಟೇ ಸೀಮಿತವಾದ ಬಳಕೆ ಇತರ ಮಿತಿಗಳು. ಕನ್ನಡ ಓದಿಗಾಗಿ ಇ-ರೀಡರ್ ಆಯ್ಕೆ ಮಾಡುವಾಗ ಒತ್ತಕ್ಷರಗಳು ಹೆಚ್ಚಾಗಿರುವ ಯೂನಿಕೋಡ್ ಪಠ್ಯವೊಂದನ್ನು ಸಾಧನದಲ್ಲಿ ತೆರೆದು ನೋಡುವುದರಿಂದ ಲಿಪಿ ಬೆಂಬಲವನ್ನು ಪರೀಕ್ಷಿಸಬಹುದು.

ಇವನ್ನೂ ನೋಡಿ

ಇ-ಪುಸ್ತಕ
ಯೂನಿಕೋಡ್
ಕನ್ನಡ ಲಿಪಿ
ವಿಕಿಸೋರ್ಸ್
ಸಂಚಿಯ ಹೊನ್ನಮ್ಮ
ಚಾಮರಾಜನಗರ ಜಿಲ್ಲೆ